ಚರ್ಮದ ದಾರಿ ಬಲ್ಲ ಕಣಗಳು

ಮಳೆಗಾಲ ಮುಗಿಯುವ ಹೊತ್ತಿಗೆ ದಿಲ್ಲಿಯಲ್ಲಿ ಖಾಲಿ ಜಾಗ ಅಂತ ಒಂದೂ ಉಳಿದಿರುವುದಿಲ್ಲ. ಯಮುನೆಯ ದಂಡೆ, ರೈಲು ಹಳಿಗಳ ಇಕ್ಕೆಲ, ನೋಯ್ಡಾದಲ್ಲಿ ಮನೆ ಕಟ್ಟದೆ ಬಿಟ್ಟ ಸೈಟುಗಳು, ಗುರುಗ್ರಾಮದ ಗಾಜಿನ ಕಟ್ಟಡಗಳ ಹಿಂಬದಿ, ಸರ್ಕಾರಿ ಕ್ವಾರ್ಟರ್ಸಿನ ಕಾಂಪೌಂಡಿನ ಬುಡ, ಎಲ್ಲ ಕಡೆ ಸೊಂಟದೆತ್ತರಕ್ಕೆ ಬೆಳೆದು ನಿಂತ ಅದೇ ಗಿಡ. ಸೀಳು ಸೀಳಾದ ಎಲೆ, ತುದಿಯಲ್ಲಿ ಸಣ್ಣ ಬಿಳಿ ಹೂ. ಇಲ್ಲಿಯವರು ಅದನ್ನು ಗಾಜರ್ ಘಾಸ್ ಅನ್ನುತ್ತಾರೆ. ರಾವ್ ತುಲಾರಾಮ್ ಮಾರ್ಗದ ದಿಲ್ಲಿ ಕರ್ನಾಟಕ ಸಂಘಕ್ಕೆ ಬಂದು ಹೋಗುವ ನಮ್ಮವರಿಗೆ ಅದು ಊರಿನಿಂದಲೇ ಗುರುತಿರುವ ಕಾಂಗ್ರೆಸ್ ಗಿಡ. ಸಸ್ಯಶಾಸ್ತ್ರಜ್ಞರಿಗೆ ಪಾರ್ಥೇನಿಯಂ ಹಿಸ್ಟೆರೊಫೋರಸ್.

ಇದನ್ನು ಬರಿಗೈಯಲ್ಲಿ ಕೀಳುವ ಮಾಲಿಗೆ ವರ್ಷಗಟ್ಟಲೆ ಏನೂ ಆಗದೆ ಇರಬಹುದು. ಆಮೇಲೆ ಯಾವುದೋ ಒಂದು ಹಂಗಾಮಿನಲ್ಲಿ, ಗಿಡ ಕಿತ್ತ ಎರಡನೆಯ ದಿನ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತದೆ. ಕತ್ತಿನ ಮಡಿಕೆ, ಮೊಣಕೈಯ ಒಳಬದಿ ಕೆಂಪಾಗುತ್ತವೆ. ನವೆ ಹತ್ತುತ್ತದೆ, ರಾತ್ರಿಯೆಲ್ಲ ನಿದ್ದೆ ಇಲ್ಲ, ಕೆರೆದು ಕೆರೆದು ನೀರು ಸೋರುತ್ತದೆ. ಒಂದೆರಡು ವರ್ಷ ಚಳಿಗಾಲದಲ್ಲಿ ತಗ್ಗಿ, ಬೇಸಿಗೆ ಮತ್ತು ಮಳೆಯಲ್ಲಿ ಮತ್ತೆ ಕೆರಳುತ್ತದೆ. ಬರುಬರುತ್ತ ವರ್ಷವಿಡೀ ಉಳಿದುಬಿಡುತ್ತದೆ. ಮುಖದ ಚರ್ಮ ದಪ್ಪಗಾಗಿ, ಕಪ್ಪಾಗಿ, ಹಣೆಯಲ್ಲಿ ಗೆರೆ ಬೀಳುತ್ತದೆ. ಕೆಲವರಿಗೆ ಕೊನೆಗೆ ಬಿಸಿಲೇ ಆಗಿಬರುವುದಿಲ್ಲ. ದಿನವೆಲ್ಲ ಬಿಸಿಲಲ್ಲಿ ದುಡಿದು ತಿನ್ನುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಏನಿದ್ದೀತು?

ಈ ಕಾಯಿಲೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ದಿನಗಳ ಅಂತರ. ಸೊಳ್ಳೆ ಕಚ್ಚಿದ ಜಾಗ ನಿಮಿಷಗಳಲ್ಲಿ ಉಬ್ಬುತ್ತದೆ. ಸೀಗಡಿ ಒಗ್ಗದವರಿಗೆ ತಿಂದ ಅರ್ಧ ಗಂಟೆಯೊಳಗೆ ಮೈಮೇಲೆ ಗಂಧೆ ಏಳುತ್ತದೆ. ಅಲ್ಲಿ ಕೆಲಸ ಮಾಡುವ ಪ್ರತಿಕಾಯಗಳೂ ಹಿಸ್ಟಮಿನ್ನೂ ಆಗಲೇ ಸ್ಥಳದಲ್ಲಿ ಸಿದ್ಧವಾಗಿರುತ್ತವೆ. ಪಾರ್ಥೇನಿಯಂ ಇಸುಬು ಹಾಗಲ್ಲ. ರಕ್ತದಲ್ಲಿ ಸುತ್ತುತ್ತಿರುವ ಕೆಲವು ಬಿಳಿ ಕಣಗಳು ಹೃದಯ, ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲವನ್ನೂ ದಾಟಿ ಚರ್ಮಕ್ಕೇ ಬರಬೇಕು, ಚರ್ಮದಲ್ಲೂ ಗಿಡದ ಪುಡಿ ಕೂತ ಜಾಗಕ್ಕೇ ಬರಬೇಕು. ಬರುವುದಕ್ಕೂ ಬಂದವು ಇನ್ನಷ್ಟನ್ನು ಕರೆಸಿಕೊಳ್ಳುವುದಕ್ಕೂ ಹಿಡಿಯುವ ಹೊತ್ತು 48ರಿಂದ 72 ಗಂಟೆ. ಅಷ್ಟರಲ್ಲಿ ಮಾಲಿ ಇನ್ನೊಂದು ಕೆಲಸಕ್ಕೆ ಹೋಗಿರುತ್ತಾನೆ. ಇವತ್ತು ಕಣ್ಣು ಊದಿದ್ದಕ್ಕೂ ಮೊನ್ನೆ ಕಿತ್ತ ಗಿಡಕ್ಕೂ ನಂಟಿದೆಯೆಂದು ಅವನಿಗೆ ಹೊಳೆಯುವುದಾದರೂ ಹೇಗೆ? ಸೋಪು, ನೀರು, ಬದನೆಕಾಯಿ, ಉಷ್ಣ ಎಲ್ಲದರ ಮೇಲೂ ಅನುಮಾನಪಟ್ಟು, ಔಷಧಿ ಅಂಗಡಿಯವನು ಕೊಟ್ಟ ಸ್ಟಿರಾಯ್ಡ್ ಮುಲಾಮು ತಿಂಗಳುಗಟ್ಟಲೆ ಹಚ್ಚಿಕೊಂಡು, ಆಮೇಲೆ ದೊಡ್ಡಾಸ್ಪತ್ರೆಗೆ ಬರುತ್ತಾನೆ.

ಕ್ಷಯದ ತಪಾಸಣೆಗೆ ಮಾಂಟೂ ಪರೀಕ್ಷೆ ಮಾಡಿಸಿಕೊಂಡವರೆಲ್ಲ ಈ ಪ್ರಯಾಣವನ್ನು ತಮ್ಮ ಮುಂಗೈಯಲ್ಲೇ ಕಂಡಿದ್ದಾರೆ. ಸೂಜಿ ಚುಚ್ಚಿದ ನರ್ಸಮ್ಮ ‘ಎರಡು ಮೂರು ದಿನ ಬಿಟ್ಟು ತೋರಿಸಿ’ ಅನ್ನುವುದು ಇದೇ ಕಣಗಳು ಬಂದು ಸೇರಲೆಂದು. ಅಲ್ಲಿ ಏಳುವ ಗಟ್ಟಿ ಗಂಟು ಅಂದರೆ ಬಂದವುಗಳ ಗುಂಪು.

ಎಲೆಯ ರೋಮದಿಂದ ಕಂಕುಳಿನ ಗ್ರಂಥಿಗೆ

ಗಿಡದ ಎಲೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಮೈತುಂಬ ಸಣ್ಣ ರೋಮ ಕಾಣುತ್ತದೆ. ಚರ್ಮವನ್ನು ಕೆರಳಿಸುವ ವಸ್ತು ಈ ರೋಮಗಳಲ್ಲಿದೆಯೆಂದು 1976ರಲ್ಲಿ ರೊಡ್ರಿಗಸ್, ಟವರ್ಸ್ ಮತ್ತು ಸಂಗಡಿಗರು ತೋರಿಸಿದರು. ಅದರ ಹೆಸರು ಪಾರ್ಥೆನಿನ್, ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಗುಂಪಿಗೆ ಸೇರಿದ ಸಣ್ಣ ಅಣು. ಗಿಡ ಒಣಗಿದರೆ ರೋಮಗಳು ಮುರಿದು ಗಾಳಿಗೆ ಸೇರುತ್ತವೆ. ಹೀಗಾಗಿ ಮುಟ್ಟದವರ ರೆಪ್ಪೆಯ ಮೇಲೂ ಕತ್ತಿನ ಬೆವರಿನಲ್ಲೂ ಅದು ಕೂರುತ್ತದೆ. ಅಷ್ಟು ಚಿಕ್ಕ ಅಣು ತಾನಾಗಿ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಒಂದು ತುದಿ ನಮ್ಮ ಪ್ರೋಟೀನುಗಳಲ್ಲಿ ಗಂಧಕ ಇರುವ ಜಾಗಕ್ಕೆ ಕಚ್ಚಿ ಬೆಸೆದುಕೊಳ್ಳುತ್ತದೆ. ಆಗ ನಮ್ಮದೇ ಪ್ರೋಟೀನು ಹೊರಗಿನದಾಗಿ ಕಾಣತೊಡಗುತ್ತದೆ.

ಹಾಗೆ ಕಂಡದ್ದನ್ನು ಎತ್ತಿಕೊಳ್ಳುವುದು ಹೊರಚರ್ಮದಲ್ಲಿ ಕೈಚಾಚಿ ಹರಡಿಕೊಂಡಿರುವ ಲ್ಯಾಂಗರ್‌ಹನ್ಸ್ ಕಣಗಳು ಮತ್ತು ಕೆಳಪದರದಲ್ಲಿರುವ ಅವುಗಳ ಬಂಧುಗಳು. ಪಾಲ್ ಲ್ಯಾಂಗರ್‌ಹನ್ಸ್ ಬರ್ಲಿನ್ನಿನಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ, 1868ರಲ್ಲಿ, ಚಿನ್ನದ ಲವಣದಿಂದ ಚರ್ಮಕ್ಕೆ ಬಣ್ಣ ಹಾಕಿ ಇವನ್ನು ಕಂಡ. ರೆಂಬೆ ಕೊಂಬೆ ನೋಡಿ ನರಕೋಶ ಇರಬೇಕೆಂದುಕೊಂಡ. ಅವು ರೋಗನಿರೋಧಕ ಕೆಲಸದವು ಎಂಬ ಸುಳಿವು ಸಿಗಲು ನೂರು ವರ್ಷ ಬೇಕಾಯಿತು. ಅಲರ್ಜಿಯಾದ ಚರ್ಮದಲ್ಲಿ ಬಿಳಿ ಕಣಗಳು ಇವಕ್ಕೆ ಒತ್ತಿಕೊಂಡು ನಿಂತಿರುವುದನ್ನು 1973ರಲ್ಲಿ ಇಂಗಾ ಸಿಲ್ಬರ್‌ಬರ್ಗ್ ತೋರಿಸಿದರು.

ಪಾರ್ಥೆನಿನ್ ಹೊತ್ತ ಕಣ ಚರ್ಮ ಬಿಟ್ಟು ದುಗ್ಧನಾಳಕ್ಕೆ ಇಳಿಯುತ್ತದೆ. ಅದರ ಮೈಮೇಲೆ ಸಿಸಿಆರ್7 ಎಂಬ ಗ್ರಾಹಕ ಮೂಡಿರುತ್ತದೆ. ದುಗ್ಧನಾಳವೂ ದುಗ್ಧಗ್ರಂಥಿಯೂ ಸ್ರವಿಸುವ ರಾಸಾಯನಿಕದ ಜಾಡನ್ನು ಅದು ಹಿಡಿಯುತ್ತದೆ. ಮೊಣಕೈಯಿಂದ ಹೊರಟದ್ದು ಕಂಕುಳಿನ ಗ್ರಂಥಿಗೆ, ಮುಖದಿಂದ ಹೊರಟದ್ದು ಕತ್ತಿನ ಗ್ರಂಥಿಗೆ ಹೋಗಿ ತಲುಪುತ್ತದೆ. ಅಲ್ಲಿ ಸಾಲು ಸಾಲಾಗಿ ಹಾದುಹೋಗುವ, ಟಿ ಕಣಗಳೆಂಬ ಬಿಳಿ ಕಣಗಳಿಗೆ ತಾನು ತಂದದ್ದನ್ನು ತೋರಿಸುತ್ತದೆ. ಲಕ್ಷಕ್ಕೊಂದು ಅನ್ನುವಷ್ಟು ವಿರಳವಾದ, ಆ ಆಕಾರಕ್ಕೆ ಹೊಂದುವ ಟಿ ಕಣ ಎದುರಾದಾಗ ಅದು ನಿಂತು, ಹಿಗ್ಗಿ, ಒಡೆದು ಸಾವಿರಾರಾಗುತ್ತದೆ.

ನನಗೆ ಅತಿ ಸೊಗಸಾಗಿ ಕಾಣುವ ಸಂಗತಿ ಇದರ ನಂತರದ್ದು. ಟಿ ಕಣ ಗ್ರಂಥಿಯಲ್ಲಿ ಶತ್ರು ಯಾರೆಂದು ಕಲಿಯುವಾಗಲೇ ಆ ಶತ್ರು ಎಲ್ಲಿ ಸಿಕ್ಕಿತೆಂಬುದನ್ನೂ ಕಲಿಯುತ್ತದೆ. ಕರುಳಿನ ಸುತ್ತಲಿನ ಗ್ರಂಥಿಯಲ್ಲಿ ಪಾಠವಾದರೆ, ಅಲ್ಲಿಯ ಕಣಗಳು ಊಟದ ಎ ಜೀವಸತ್ವದಿಂದ ತಯಾರಿಸುವ ರೆಟಿನೋಯಿಕ್ ಆಮ್ಲ ಟಿ ಕಣದ ಮೈಮೇಲೆ ಕರುಳಿನ ಗುರುತುಗಳನ್ನು ಮೂಡಿಸುತ್ತದೆ. ಇದು ಗೊತ್ತಾದದ್ದು 2004ರಲ್ಲಿ. ಚರ್ಮದ ಕಡೆಯಿಂದ ಸುದ್ದಿ ಬಂದಿದ್ದರೆ ಗುರುತುಗಳೇ ಬೇರೆ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ಡಿ ಜೀವಸತ್ವವು ಮನುಷ್ಯರ ಟಿ ಕಣಗಳ ಮೇಲೆ ಹೊರಚರ್ಮದತ್ತ ಎಳೆಯುವ ಸಿಸಿಆರ್10 ಎಂಬ ಗ್ರಾಹಕವನ್ನು ಮೂಡಿಸುತ್ತದೆಂದು 2007ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರಯೋಗಾಲಯ ವರದಿ ಮಾಡಿತು. ತಿನ್ನುವ ಅನ್ನ ಕರುಳಿನ ದಾರಿ ತೋರಿಸಿದರೆ, ಬೀಳುವ ಬಿಸಿಲು ಚರ್ಮದ ದಾರಿ ತೋರಿಸುತ್ತದೆ.

ನಾಳದೊಳಗಿನ ನಿಲುಗಡೆ

ಈಗ ಟಿ ಕಣ ಗ್ರಂಥಿ ಬಿಟ್ಟು ರಕ್ತಕ್ಕೆ ಬಂದಿದೆ. ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೂ ಕಡಿಮೆ ಅಗಲದ ಜೀವ. ಅದಕ್ಕೆ ಕಣ್ಣಿಲ್ಲ, ರಕ್ತದ ರಭಸದ ಎದುರು ಈಜುವ ಶಕ್ತಿಯೂ ಇಲ್ಲ. ಹೃದಯ ನೂಕಿದತ್ತ ಹೋಗುತ್ತದೆ, ಎಲ್ಲ ಅಂಗಗಳನ್ನೂ ಹಾದುಬರುತ್ತದೆ. ಚರ್ಮದ ಒಳಪದರದ ಸಣ್ಣ ಅಭಿಧಮನಿಗಳನ್ನು ಹೊಕ್ಕಾಗ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಆ ನಾಳಗಳ ಒಳಗೋಡೆಯಲ್ಲಿ ಇ-ಸೆಲೆಕ್ಟಿನ್ ಎಂಬ ಪ್ರೋಟೀನು ಚಾಚಿಕೊಂಡಿರುತ್ತದೆ. ಚರ್ಮ ಕೆರಳಿದ್ದರೆ ಇನ್ನೂ ದಟ್ಟವಾಗಿ. ಚರ್ಮದ ಪಾಠವಾದ ಟಿ ಕಣದ ಮೈಮೇಲೆ ಅದಕ್ಕೆ ಹೊಂದುವ ಸಿಎಲ್ಎ ಎಂಬ ಗುರುತಿದೆ. ಅದೇನೂ ಹೊಸ ಪ್ರೋಟೀನಲ್ಲ. ಬಿಳಿ ಕಣಗಳ ಮೇಲೆ ಸಾಮಾನ್ಯವಾಗಿ ಇರುವ ಒಂದು ಪ್ರೋಟೀನಿಗೆ ವಿಶೇಷ ಕಿಣ್ವವೊಂದು ಸಕ್ಕರೆಯ ತುಣುಕುಗಳನ್ನು ಪೋಣಿಸಿದಾಗ ಸಿಎಲ್ಎ ಆಗುತ್ತದೆ. ಇಷ್ಟು ದೊಡ್ಡ ಪ್ರಯಾಣದ ಗುರಿ ನಿರ್ಧಾರವಾಗುವುದು ಬಹುಪಾಲು ಆ ಸಕ್ಕರೆಯ ಅಲಂಕಾರದಿಂದ.

ಸಿಎಲ್ಎ ಇ-ಸೆಲೆಕ್ಟಿನ್ನಿಗೆ ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ಓಡುವ ಬಸ್ಸಿನಿಂದ ಇಳಿಯುವವನು ಸರಳು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಬಸ್ಸಿನ ಜತೆ ಓಡಿ ಆಮೇಲೆ ನಿಲ್ಲುತ್ತಾನಲ್ಲ, ಹಾಗೆ ಕಣ ಗೋಡೆಯುದ್ದಕ್ಕೂ ಉರುಳುತ್ತ ವೇಗ ಕಳೆದುಕೊಳ್ಳುತ್ತದೆ. ನಿಧಾನವಾದ ಕಣಕ್ಕೆ ಗೋಡೆಯ ಮೇಲೆ ಲೇಪವಾಗಿರುವ ಸಿಸಿಎಲ್17 ಎಂಬ ರಾಸಾಯನಿಕ ತಾಗುತ್ತದೆ. ಅದನ್ನು ಗುರುತಿಸುವ ಗ್ರಾಹಕ ಸಿಸಿಆರ್4. ಈ ಎರಡನೆಯ ಗುರುತೂ ತಾಳೆಯಾದರೆ ಕಣದ ಮೈಮೇಲಿನ ಎಲ್ಎಫ್ಎ-1 ಎಂಬ ಹಿಡಿಕೆ ಗಕ್ಕನೆ ಬಿಗಿಯಾಗುತ್ತದೆ. ಕಣ ನಿಂತುಬಿಡುತ್ತದೆ. ಚಪ್ಪಟೆಯಾಗಿ, ಗೋಡೆಯ ಕೋಶಗಳ ಸಂದಿನಲ್ಲಿ ನುಸುಳಿ ಹೊರಗೆ ಬರುತ್ತದೆ. ಆಮೇಲೆ ಹೊರಚರ್ಮದ ಕೋಶಗಳೇ ಸುರಿಸುವ ಸಿಸಿಎಲ್27ರ ಜಾಡು ಹಿಡಿದು ಮೇಲಕ್ಕೆ. ಯಾವ ಒಂದು ಗುರುತೂ ಒಬ್ಬಂಟಿಯಾಗಿ ಸಾಲದು. ಸಿಸಿಆರ್4 ಚರ್ಮಕ್ಕೆ ಹೋಗದ ಕೆಲವು ಕಣಗಳ ಮೇಲೂ ಇದೆ. ಒಂದರ ಮೇಲೊಂದು ತಾಳೆಯಾದಾಗಲೇ ಇಳಿಯುವ ಜಾಗ ಇದೇ ಎಂದು ಖಾತ್ರಿ.

ಇದನ್ನೆಲ್ಲ ಕಂಡುಕೊಂಡದ್ದು ಒಂದೇ ಏಟಿಗಲ್ಲ. ಅಲರ್ಜಿಯಾದ ಗಿನಿಯಿಲಿಯ ಕಣಗಳನ್ನು ತೆಗೆದು ಇನ್ನೊಂದಕ್ಕೆ ಕೊಟ್ಟರೆ ಚರ್ಮದ ಅಲರ್ಜಿಯೂ ಅದಕ್ಕೆ ದಾಟುತ್ತದೆಂದು ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ 1942ರಲ್ಲಿ ತೋರಿಸಿದರು. ಇದು ಪ್ರತಿಕಾಯಗಳ ಕೆಲಸವಲ್ಲ, ಕಣಗಳದೇ ಕೆಲಸ ಎಂದು ಗೊತ್ತಾದದ್ದು ಅಲ್ಲಿಂದ. ಟಿ ಕಣಗಳೂ ಸೇರುವ ಲಿಂಫೋಸೈಟುಗಳೆಂಬ ಬಿಳಿ ಕಣಗಳು ರಕ್ತದಿಂದ ಗ್ರಂಥಿಗೆ, ಗ್ರಂಥಿಯಿಂದ ಮತ್ತೆ ರಕ್ತಕ್ಕೆ ಸದಾ ಸುತ್ತುತ್ತಿರುತ್ತವೆ ಎಂಬುದನ್ನು ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ ಇಲಿಗಳಲ್ಲಿ ಸಾಬೀತು ಮಾಡಿದ್ದು 1950ರ ದಶಕದ ಕೊನೆಗೆ. ಸುತ್ತುವ ಈ ಗುಂಪಿನಲ್ಲಿ ಚರ್ಮಕ್ಕೆಂದೇ ಮೀಸಲಾದ ಪಂಗಡ ಒಂದಿದೆ ಎಂದು 1990–91ರಲ್ಲಿ ಲೂಯಿಸ್ ಪಿಕರ್ ಮತ್ತು ಯೂಜೀನ್ ಬುಚರ್ ಅವರ ತಂಡ ಸಿಎಲ್ಎ ಗುರುತಿನಿಂದ ತೋರಿಸಿಕೊಟ್ಟಿತು.

ಅನ್ಸಾರಿ ನಗರದ ಬೆನ್ನುಗಳು

ದಿಲ್ಲಿಯ ಅನ್ಸಾರಿ ನಗರದಲ್ಲಿರುವ ಏಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಪಾರ್ಥೇನಿಯಂ ಬಹಳ ಹಳೆಯ ಪರಿಚಯ. ಜೆ.ಎಸ್. ಪಸ್ರೀಚಾ ಅವರಿಂದ ಮೊದಲಾಗಿ ಕೌಶಲ್ ವರ್ಮಾ, ವಿನೋದ್ ಶರ್ಮಾ ಅವರವರೆಗೆ ಇಲ್ಲಿಯ ವೈದ್ಯರು ಈ ಕಾಯಿಲೆಯ ಸ್ವರೂಪ, ಪರೀಕ್ಷೆ, ಚಿಕಿತ್ಸೆ ಮೂರರ ಮೇಲೂ ವರ್ಷಗಟ್ಟಲೆ ಬರೆದಿದ್ದಾರೆ.

ಪರೀಕ್ಷೆಯ ಹೆಸರು ಪ್ಯಾಚ್ ಟೆಸ್ಟ್. 1895ರಲ್ಲಿ ಯೋಸೆಫ್ ಯಾಡಸ್ಸೋನ್ ಆರಂಭಿಸಿದ ಈ ವಿಧಾನದ ತಿರುಳು ಇವತ್ತಿಗೂ ಬದಲಾಗಿಲ್ಲ. ರೋಗಿಯ ಬೆನ್ನಿನ ಮೇಲೆ ಅಲ್ಯೂಮಿನಿಯಮ್ಮಿನ ಪುಟ್ಟ ಬಟ್ಟಲುಗಳ ಸಾಲನ್ನು ಟೇಪಿನಿಂದ ಅಂಟಿಸುತ್ತಾರೆ. ಒಂದೊಂದರಲ್ಲಿ ಒಂದೊಂದು ವಸ್ತು: ನಿಕ್ಕಲ್, ಸುಗಂಧದ ಮಿಶ್ರಣ, ರಬ್ಬರಿನ ರಾಸಾಯನಿಕ, ಪಾರ್ಥೇನಿಯಂ ಸಾರ. ಎರಡು ದಿನ ಸ್ನಾನ ಇಲ್ಲ, ಬೆವರಬಾರದು, ಬೆನ್ನು ಒರಗಿಸಿ ಉಜ್ಜಬಾರದು. ದಿಲ್ಲಿಯ ಜೂನ್ ತಿಂಗಳಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಇಲ್ಲಿ ಬೇಸಿಗೆ ಕಳೆದವರಿಗೆ ಹೇಳಬೇಕಿಲ್ಲ. 48 ಗಂಟೆಯ ನಂತರ ಟೇಪು ಬಿಚ್ಚಿ, ತುಸು ಹೊತ್ತು ಬಿಟ್ಟು ನೋಡುತ್ತಾರೆ. ಮಾರನೆಯ ದಿನವೋ ಅದರ ಮರುದಿನವೋ ಮತ್ತೆ ನೋಡುತ್ತಾರೆ. ಉಳಿದ ಬಟ್ಟಲುಗಳು ಬರಿಯ ವೃತ್ತದ ಗುರುತು ಬಿಟ್ಟಿರುತ್ತವೆ. ಪಾರ್ಥೇನಿಯಂ ಇದ್ದ ಕಡೆ ಚರ್ಮ ಕೆಂಪಗೆ ಉಬ್ಬಿ, ಬೆರಳಿಗೆ ಗಟ್ಟಿಯಾಗಿ ಹತ್ತುತ್ತದೆ, ಮೇಲೆ ಸಣ್ಣ ನೀರುಗುಳ್ಳೆ ಎದ್ದಿರುತ್ತದೆ. ಬೆನ್ನು ಆವತ್ತಿನವರೆಗೆ ಗಿಡದ ಸೋಂಕು ಕಾಣದ ಜಾಗವಾಗಿರಬಹುದು. ಆದರೂ ಕಣಗಳು ಅಲ್ಲಿಗೆ ಬಂದಿವೆ. ಕತ್ತಿನಲ್ಲೋ ಕಂಕುಳಲ್ಲೋ ಪಾಠ ಕಲಿತ ಕಣಕ್ಕೆ ಇಡೀ ಚರ್ಮವೇ ತನ್ನ ಊರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಏಮ್ಸ್ ಅಧ್ಯಯನಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಿಡದ ಸಾರವನ್ನು ಹತ್ತು ಪಟ್ಟು, ನೂರು ಪಟ್ಟು ಹೀಗೆ ತೆಳುವಾಗಿಸುತ್ತ ಹೋಗಿ, ಎಷ್ಟು ತೆಳುವಾದದ್ದಕ್ಕೂ ಚರ್ಮ ಕೆರಳುತ್ತದೆಂದು ಅಳೆದರು. ಇದರಿಂದ ಒಬ್ಬ ರೋಗಿಯ ಅಲರ್ಜಿ ಎಷ್ಟು ತೀವ್ರ ಎಂಬುದಕ್ಕೆ ಅಂಕಿ ಸಿಕ್ಕಿತು.

ಚಿಕಿತ್ಸೆಯಲ್ಲಿ ಅವರು ಒತ್ತು ಕೊಟ್ಟ ಔಷಧ ಅಝಥಯೋಪ್ರಿನ್. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರ ಮನೆಗಳಲ್ಲಿ ಈ ಹೆಸರು ಗೊತ್ತಿರುತ್ತದೆ. ಟಿ ಕಣಗಳು ಒಡೆದು ಹೆಚ್ಚುವುದನ್ನು ಅದು ತಡೆಯುತ್ತದೆ. ಸ್ಟಿರಾಯ್ಡಿನ ಹಾಗೆ ಮೂರು ದಿನದಲ್ಲಿ ಮುಖ ತಿಳಿಯಾಗುವುದಿಲ್ಲ, ವಾರಗಳೇ ಬೇಕು. ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಆದರೆ ಅಗ್ಗ. ಸ್ಟಿರಾಯ್ಡ್ ಮಾತ್ರೆಯೊಂದಿಗೆ ಹೋಲಿಸಿದ ಏಮ್ಸ್‌ನ 2008ರ ಅಧ್ಯಯನದಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿ ಕೆಲಸ ಮಾಡಿದವು. ಕಾಯಿಲೆ ಮರುಕಳಿಸುವುದೂ ಅಡ್ಡಪರಿಣಾಮಗಳೂ ಸ್ಟಿರಾಯ್ಡ್ ಗುಂಪಿನಲ್ಲೇ ಹೆಚ್ಚಾಗಿದ್ದವು. ದಿನಾ ನುಂಗುವ ಬದಲು ವಾರಕ್ಕೊಮ್ಮೆ 300 ಮಿಲಿಗ್ರಾಂ ಕೊಡುವ ಕ್ರಮವನ್ನೂ ವರ್ಮಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ದಿನಗೂಲಿಯವನ ಜೇಬನ್ನೂ ದಿನಚರಿಯನ್ನೂ ಅರಿತವರು ಮಾಡುವ ಸಂಶೋಧನೆ ಹೀಗಿರುತ್ತದೆ. ಇದರ ಬಗ್ಗೆ ನನಗೆ ತುಂಬು ಗೌರವ.

ಬಂದವು ಮರಳಿ ಹೋಗುವುದಿಲ್ಲ

ಹಾಗಿದ್ದರೆ ಕಾಯಿಲೆ ಬೇರುಸಹಿತ ಏಕೆ ಹೋಗುವುದಿಲ್ಲ? ಚರ್ಮಕ್ಕೆ ಬಂದ ಟಿ ಕಣಗಳಲ್ಲಿ ಒಂದು ಪಾಲು ಅಲ್ಲೇ ಬೀಡುಬಿಡುತ್ತದೆ. ಹೊರಚರ್ಮದ ಕೋಶಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳನ್ನು ಮೈಮೇಲೆ ಮೂಡಿಸಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಬಾಸ್ಟನ್ನಿನ ರೇಚಲ್ ಕ್ಲಾರ್ಕ್ ತಂಡ 2006ರಲ್ಲಿ ಲೆಕ್ಕ ಹಾಕಿದಾಗ ಯಾವ ಕಾಯಿಲೆಯೂ ಇಲ್ಲದ ವಯಸ್ಕರ ಚರ್ಮದಲ್ಲೇ ಸುಮಾರು 2,000 ಕೋಟಿ ಟಿ ಕಣಗಳಿದ್ದವು, ಇಡೀ ರಕ್ತದಲ್ಲಿರುವುದರ ಹತ್ತಿರ ಹತ್ತಿರ ಎರಡರಷ್ಟು. ಅಲ್ಲಿಯವರೆಗೆ ಚರ್ಮವನ್ನು ಈ ಕಣಗಳು ಬಂದುಹೋಗುವ ಜಾಗ ಎಂದೇ ತಿಳಿದಿದ್ದರು. 2012ರಲ್ಲಿ ಅದೇ ತಂಡ ಇನ್ನೊಂದು ವಿಷಯ ಬರೆಯಿತು. ಚರ್ಮದಲ್ಲಿ ಕಾಣಿಸಿಕೊಳ್ಳುವ, ಟಿ ಕಣಗಳದೇ ಒಂದು ಬಗೆಯ ಕ್ಯಾನ್ಸರಿಗೆ ಅಲೆಮ್ಟುಝುಮಾಬ್ ಎಂಬ ಔಷಧ ಕೊಟ್ಟಾಗ ರಕ್ತದ ಟಿ ಕಣಗಳೆಲ್ಲ ಖಾಲಿಯಾದವು. ಚರ್ಮದಲ್ಲಿ ನೆಲೆಸಿದ್ದ ಆರೋಗ್ಯವಂತ ಕಣಗಳು ಹಾಗೇ ಉಳಿದು ರೋಗಿಗಳನ್ನು ಸೋಂಕಿನಿಂದ ಕಾದವು.

ಕಾಯುವ ಈ ಕಣಗಳ ನೆನಪೇ ಮಾಲಿಯ ಪಾಲಿಗೆ ಶಾಪ. ಹಿಂದೆ ಕೆರಳಿದ್ದ ರೆಪ್ಪೆ, ಕತ್ತು ಮುಂದಿನ ಸಲ ಉಳಿದ ಜಾಗಕ್ಕಿಂತ ಬೇಗ ಕೆರಳುವುದು ಇದಕ್ಕೇ. ಊರು ಬಿಟ್ಟು ಗಿಡವಿಲ್ಲದ ಕಡೆ ಹೋದರೆ ತಗ್ಗುತ್ತದೆ, ಮರಳಿ ಬಂದರೆ ಮೊದಲಿನ ಹಾಗೇ. ಗಿಡದ ಬಂಧುಗಳೂ ಸುಮ್ಮನಿರಲಾರವು. ಸೇವಂತಿಗೆ ಅದೇ ಕುಟುಂಬದ್ದು. ಪಾರ್ಥೇನಿಯಂ ಆಗದ ಕೆಲವರಿಗೆ ಸೇವಂತಿಗೆಯೂ ಆಗುವುದಿಲ್ಲ. ದಿಲ್ಲಿಯ ಗಾಝೀಪುರ ಹೂಮಂಡಿಯಲ್ಲಿ ಮುಂಜಾವದಿಂದ ಹೂ ಹೊರುವವರಲ್ಲಿ ಯಾರಿಗಾದರೂ ಹೀಗಾದರೆ ಅವರ ಹೊಟ್ಟೆಪಾಡೇ ನಿಂತುಹೋಗುತ್ತದೆ.

ದಾರಿಯನ್ನೇ ಮುಚ್ಚಿಬಿಟ್ಟರೆ? ಮುಚ್ಚಿ ನೋಡಿದ್ದಾರೆ. ನಾಳದ ಗೋಡೆಯಲ್ಲಿ ಕಣವನ್ನು ನಿಲ್ಲಿಸುವ ಎಲ್ಎಫ್ಎ-1 ಹಿಡಿಕೆಗೆ ಅಡ್ಡ ಬರುವ ಎಫಲಿಝುಮಾಬ್ ಎಂಬ ಔಷಧ ಸೋರಿಯಾಸಿಸ್ಸಿಗೆ 2003ರಲ್ಲಿ ಬಂತು. ಆ ಹಿಡಿಕೆ ಚರ್ಮಕ್ಕಷ್ಟೇ ಸೇರಿದ್ದಲ್ಲವಲ್ಲ. ಔಷಧ ತೆಗೆದುಕೊಂಡ ಕೆಲವರಲ್ಲಿ, ಸುಪ್ತವಾಗಿದ್ದ ವೈರಾಣು ಮಿದುಳಿನಲ್ಲಿ ತಲೆಯೆತ್ತಿ ಪ್ರಾಣಕ್ಕೇ ಎರವಾಯಿತು. 2009ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಪಾರ್ಥೇನಿಯಂ ರೋಗಿಗೆ ಅಂಥ ದುಬಾರಿ ಗಂಡಾಂತರ ಬೇಕಾಗಿಯೂ ಇಲ್ಲ, ಅವನ ಶತ್ರು ಕಣ್ಣೆದುರೇ ನಿಂತಿದೆ, ಬೇರು ಹಿಡಿದು ಎಳೆದರೆ ಬರುತ್ತದೆ.

ಗಿಡದ ವಿರುದ್ಧ, ಬೆಂಗಳೂರಿನಿಂದ ಧಾರವಾಡಕ್ಕೆ

ಈ ಕಳೆ ಭಾರತದಲ್ಲಿ ಎದ್ದು ಕಾಣತೊಡಗಿದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯ ಆಸುಪಾಸಿನಲ್ಲಿ. ಅಮೆರಿಕದಿಂದ ತರಿಸಿದ ಗೋಧಿಯ ಜತೆ ಬೀಜ ಬಂದು ಹರಡಿತೆಂಬುದು ಬಹಳ ಮಂದಿಯ ನಂಬಿಕೆ. ಚರ್ಮರೋಗದ ಮೊದಲ ದೊಡ್ಡ ಹಾವಳಿಯೂ ಪುಣೆಯಲ್ಲೇ ಕಂಡಿತು. ಕಳೆ ಕರ್ನಾಟಕವನ್ನು ಆವರಿಸಿದಾಗ ನಮ್ಮವರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1970ರ ದಶಕದಿಂದಲೇ ಈ ಗಿಡದ ಅಲರ್ಜಿಯನ್ನು ಅಧ್ಯಯನ ಮಾಡಿದರು. ಅದರ ಪರಾಗ ಮೂಗಿನ ಅಲರ್ಜಿಗೂ ಕಾರಣವೆಂದು ತೋರಿಸಿದರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಅವರ ಕೆಲಸದಿಂದ ಮೆಕ್ಸಿಕೋದ ಜೈಗೋಗ್ರಾಮಾ ದುಂಬಿ 1984ರಲ್ಲಿ ಬೆಂಗಳೂರಿನ ಬಯಲಿಗೆ ಇಳಿಯಿತು. ಮಳೆ ಬಿದ್ದೊಡನೆ ಮಣ್ಣಿನಿಂದೆದ್ದು ಎಲೆಯನ್ನು ಬೋಳಿಸುವ ಆ ದುಂಬಿ ಇವತ್ತು ಉತ್ತರ ಭಾರತದಲ್ಲೂ ನೆಲೆಸಿದೆ. 1997ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಬೆನ್ನಿಗಿದ್ದ ಭತ್ತದ ತಜ್ಞ ಎಂ. ಮಹಾದೇವಪ್ಪನವರು ದಿಲ್ಲಿಯಲ್ಲಿ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಅಧ್ಯಕ್ಷರಾಗಿಯೂ ಇದ್ದವರು. ಪಾರ್ಥೇನಿಯಮ್ಮಿನ ಜಾಗವನ್ನು ಆಕ್ರಮಿಸಿ ಅದನ್ನು ಹತ್ತಿಕ್ಕುವ ಕ್ಯಾಸಿಯಾ ಗಿಡವನ್ನು ಬೆಳೆಸಿ ಎಂದು ಅವರು ಊರೂರಲ್ಲಿ ಹೇಳಿದರು.

ದುಂಬಿಯೊಂದೇ ಸಾಲದು, ಕೀಳಲೇಬೇಕು. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಕೀಳುವವರು ಯಾರು ಎಂಬುದು ನನ್ನ ಪ್ರಶ್ನೆ. ಉದ್ಯಾನಗಳಲ್ಲಿ, ವಸತಿ ಸಂಕೀರ್ಣಗಳಲ್ಲಿ ಈ ಕೆಲಸ ಗುತ್ತಿಗೆಯ ಕೂಲಿಗಳದು. ಅವರ ಕೈಗೆ ಕುಡುಗೋಲು ಕೊಡುತ್ತಾರೆ, ಗ್ಲೌಸ್ ಕೊಡುವುದು ಕಡಿಮೆ. ತುಂಬುತೋಳಿನ ಅಂಗಿ, ಗ್ಲೌಸ್, ಮುಖಕ್ಕೊಂದು ಬಟ್ಟೆ, ಕೆಲಸ ಮುಗಿದೊಡನೆ ಕೈ ಮುಖ ತೊಳೆಯಲು ನೀರು, ಹಾಕಿದ್ದ ಬಟ್ಟೆ ಒಗೆಯಲು ಸೋಪು, ಇವು ಗುತ್ತಿಗೆಯ ಕರಾರಿನಲ್ಲೇ ಬರೆದಿರಬೇಕಾದ ಮಾತುಗಳು. ಆಗಲೇ ಅಲರ್ಜಿ ಕಂಡವನನ್ನು ಆ ಕೆಲಸಕ್ಕೆ ಹಚ್ಚಲೇಬಾರದು, ಬೇರೆ ಕೆಲಸ ಕೊಡಬೇಕು.

ಇನ್ನು ಹೊತ್ತಿನ ವಿಚಾರ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಮುಂದಾಳತ್ವದಲ್ಲಿ ದೇಶದಾದ್ಯಂತ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ದಿಲ್ಲಿಗೆ ಮುಂಗಾರು ಬರುವುದು ಜೂನ್ ಕೊನೆಯ ವಾರದಲ್ಲಿ. ಮೊಳೆತ ಗಿಡ ಹೂ ಬಿಡಲು ಒಂದು ತಿಂಗಳು, ಒಂದೂವರೆ ತಿಂಗಳು ಸಾಕು. ಅಂದರೆ ಸಪ್ತಾಹದ ಫೋಟೋ ತೆಗೆಯುವ ಹೊತ್ತಿಗೆ ಇಲ್ಲಿಯ ಗಿಡಗಳು ಹೂ ಬಿಟ್ಟು, ಬೀಜ ಕಟ್ಟುತ್ತ, ರೋಮ ಉದುರಿಸುತ್ತ ನಿಂತಿರುತ್ತವೆ. ರಾಜಧಾನಿ ಪ್ರದೇಶದ ನಗರಪಾಲಿಕೆಗಳು ಗಿಡ ಕೀಳುವ ಕೆಲಸವನ್ನು ಜುಲೈ ಎರಡನೆಯ ವಾರಕ್ಕೆ ತಂದುಕೊಳ್ಳಲಿ. ಆಗ ಮಣ್ಣು ಹಸಿಯಾಗಿರುತ್ತದೆ, ಗಿಡ ಗೇಣುದ್ದ ಇರುತ್ತದೆ, ಬೇರು ಎಳೆದರೆ ಇಡಿಯಾಗಿ ಬರುತ್ತದೆ.